ನೋಡಿದವರ ಪಟ್ಟಿ

ತಮಗೆ ಸಂಬಂಧಪಡದ ಫೈಲು ತೆರೆದವರ ಆ ತಿಂಗಳ ಪಟ್ಟಿಯಲ್ಲಿ ಹದಿನಾಲ್ಕು ಸಾಲುಗಳಿದ್ದವು. ಅದರಲ್ಲಿ ಒಂಬತ್ತು ಒಂದೇ ಫೈಲಿನವು. ಆ ಒಂಬತ್ತು ಸಲವೂ ಫೈಲು ತೆರೆದವರ ಜಾಗದಲ್ಲಿದ್ದದ್ದು ಅಕ್ಕನ ಹೆಸರು. ಫೈಲಿನ ಜಾಗದಲ್ಲಿ ರೋಗಿಯ ಹೆಸರಿರಲಿಲ್ಲ, ಏಳು ಅಂಕಿಗಳ ಒಂದು ಸಂಖ್ಯೆ ಮಾತ್ರ ಇತ್ತು. ರೋಗಿಯ ಹೆಸರು ಪಟ್ಟಿಯಲ್ಲಿ ಬರಕೂಡದೆಂದು ನಿಯಮ ಬರೆದವಳು ಪಟ್ಟಿ ಹಿಡಿದು ಕೂತಿದ್ದ ತಂಗಿಯೇ. ಆದರೆ ಆ ಏಳು ಅಂಕಿ ಅವಳಿಗೆ ಬಾಯಿಪಾಠವಾಗಿತ್ತು. ಮೂರು ವಾರ ಲ್ಯಾಬಿನ ಕಿಟಕಿಯ ಮುಂದೆ ನಿಂತು ಅದನ್ನೇ ಒಪ್ಪಿಸಿದ್ದಳು.

ಅದು ಅವಳದೇ ಫೈಲು.

ಅವಳು ಹಾಳೆಯನ್ನು ಮಗುಚಿಟ್ಟಳು. ಮತ್ತೆ ತಿರುಗಿಸಿ, ಸ್ಕೇಲು ಇಟ್ಟುಕೊಂಡು ಒಂದೊಂದೇ ಸಾಲು ಓದಿದಳು. ಮೊದಲ ಎಂಟು ಸಲ ಬೆಳಿಗ್ಗೆ ಆರೂಮುಕ್ಕಾಲರಿಂದ ಏಳರೊಳಗೆ, ಅಂದರೆ ಅಕ್ಕ ಪಾಳಿಗೆ ಬಂದು ಸೀರೆ ಬದಲಿಸಿ ಸಮವಸ್ತ್ರ ತೊಟ್ಟ ಕೂಡಲೇ. ಒಂಬತ್ತನೆಯದು ಮಾತ್ರ ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ. ಆ ದಿನ ಲ್ಯಾಬಿನವರು ವರದಿಯನ್ನು ಕಂಪ್ಯೂಟರಿಗೆ ಹಾಕಿದ್ದು ಹನ್ನೊಂದೂ ನಲವತ್ತಕ್ಕೆ. ಅವಳಿಗೆ ಅದು ಗೊತ್ತಾದದ್ದು ಸಂಜೆ ನಾಲ್ಕಕ್ಕೆ. ಕಾರಣ ಬರೆಯುವ ಜಾಗದಲ್ಲಿ ಒಂಬತ್ತು ಸಲವೂ ಒಂದೇ ಪದ: ತುರ್ತು.

ಆ ದಿನ ಮಧ್ಯಾಹ್ನ ಅಕ್ಕ ಫೋನು ಮಾಡಿದ್ದು ಅವಳಿಗೆ ನೆನಪಾಯಿತು. "ಊಟ ಆಯ್ತೇನೇ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಏನೂ ಕಾರಣವಿಲ್ಲದೆ ನಕ್ಕು, "ಆಯ್ತು ಇಡ್ತೀನಿ" ಎಂದು ಇಟ್ಟುಬಿಟ್ಟಿದ್ದಳು. ವರದಿಗಾಗಿ ಎದೆ ಹಿಡಿದುಕೊಂಡು ಕೂತಿದ್ದ ಅವಳಿಗೆ ಆ ನಗು ಕೇಳಿ ರೇಗಿಹೋಗಿತ್ತು.

ಆಸ್ಪತ್ರೆಯಲ್ಲಿ ಅವಳಿಗೆ ಬೀಗದಮ್ಮ ಎಂದು ಹೆಸರು. ಎದುರಿಗೆ ಹೇಳುತ್ತಿರಲಿಲ್ಲ, ಅವಳಿಗೆ ಕೇಳಿಸುವಷ್ಟು ದೂರದಲ್ಲಿ ಹೇಳುತ್ತಿದ್ದರು. ದಾಖಲೆ ವಿಭಾಗದ ಮುಖ್ಯಸ್ಥೆಯಾದ ಮೇಲೆ ಕಂಡಕಂಡ ಫೈಲಿಗೆಲ್ಲ ಬೀಗ ಜಡಿದಳು ಎಂಬ ಸಿಟ್ಟು ಅದರಲ್ಲಿತ್ತು. "ಬೀಗದಮ್ಮ ಬರ್ತಿದ್ದಾರೆ ಕಣ್ರೀ, ಗಂಡಿನ ಕಡೆಯೋರೋ ಹೆಣ್ಣಿನ ಕಡೆಯೋರೋ ವಿಚಾರಿಸ್ಕೊಳ್ಳಿ" ಎಂದು ಔಷಧ ಕೌಂಟರಿನವನು ಹಲ್ಲು ಕಿರಿಯುತ್ತಿದ್ದ. ನಲವತ್ನಾಲ್ಕಾದರೂ ಮದುವೆಯಾಗದವಳನ್ನು ಬೀಗಿತ್ತಿ ಮಾಡುವ ಆ ಮಾತಿನಲ್ಲಿ ಇನ್ನೊಂದು ಮುಳ್ಳೂ ಇತ್ತು. ಅವಳು ಎರಡನ್ನೂ ಕೇಳಿಸಿಕೊಂಡು ತನ್ನ ಪಾಡಿಗೆ ನಡೆಯುತ್ತಿದ್ದಳು.

ಬೀಗ ಬೇಕೆಂದು ಅವಳಿಗೆ ಸುಮ್ಮನೆ ಅನಿಸಿರಲಿಲ್ಲ. ಆರು ವರ್ಷದ ಹಿಂದೆ ಫೈಲುಗಳೆಲ್ಲ ಓಣಿಯ ತೆರೆದ ಕಪಾಟುಗಳಲ್ಲಿರುತ್ತಿದ್ದವು. ದಾರಿಯಲ್ಲಿ ಹೋಗುವವರು ನಿಂತು, ವಾರಪತ್ರಿಕೆ ತಿರುವಿದ ಹಾಗೆ ತಿರುವಿ ಹೋಗುತ್ತಿದ್ದರು. ಒಮ್ಮೆ ಬಟ್ಟೆ ಒಗೆಯುವ ವಿಭಾಗದ ಹೆಂಗಸೊಬ್ಬಳ ರಕ್ತ ಪರೀಕ್ಷೆಯ ಸುದ್ದಿ ಲ್ಯಾಬಿನಿಂದ ಹೊರಟು, ಅಡುಗೆಮನೆ ಹೊಕ್ಕು, ಗೇಟಿನವರೆಗೂ ಹೋಯಿತು. ತನಗೇನಾಗಿದೆ ಎಂದು ಆ ಹೆಂಗಸಿಗೆ ಗೊತ್ತಾದದ್ದು ಡಾಕ್ಟರಿಂದಲ್ಲ, ಕಾವಲುಗಾರನಿಂದ. ಅವನು ಅವಳ ಕೈಯಿಂದ ಹಾಜರಿ ಪುಸ್ತಕ ತೆಗೆದುಕೊಳ್ಳಲು ಹಿಂಜರಿದಿದ್ದ. ಮಾರನೆಯ ದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ. ಎಲ್ಲಿಗೆ ಹೋದಳೋ ಯಾರಿಗೂ ತಿಳಿಯಲಿಲ್ಲ.

ಆಮೇಲೆ ಆಡಳಿತದವರು ಎಚ್ಚೆತ್ತು, ಹೊರಗಿನ ಕಂಪನಿಯೊಂದಕ್ಕೆ ನಿಯಮಾವಳಿ ಬರೆಯಲು ಹೇಳಿದರು. ನೂರಾ ಹನ್ನೆರಡು ಪುಟದ ಹೊತ್ತಗೆ ಬಂತು. ಯಾವುದೋ ಬ್ಯಾಂಕಿಗೆ ಬರೆದದ್ದನ್ನೇ ಎತ್ತಿ, ಗ್ರಾಹಕ ಎಂದಿದ್ದ ಕಡೆಯೆಲ್ಲ ರೋಗಿ ಎಂದು ಹಾಕಿ ಕಳಿಸಿದ್ದರು. 'ರೋಗಿಯು ತನ್ನ ವ್ಯವಹಾರವನ್ನು ಶಾಶ್ವತವಾಗಿ ಮುಕ್ತಾಯಗೊಳಿಸಬಯಸಿದಲ್ಲಿ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ' ಎಂಬ ಸಾಲನ್ನು ಓದಿ ಅಕ್ಕ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದಳು. "ಸಾಯೋಕೂ ಇಬ್ರು ಸಾಕ್ಷಿ ಬೇಕೇನೇ?"

ಅಕ್ಕ ಹೆಂಗಸರ ಶಸ್ತ್ರಚಿಕಿತ್ಸಾ ವಾರ್ಡಿನ ಮುಖ್ಯ ನರ್ಸು. ಮೂವತ್ನಾಲ್ಕು ವರ್ಷದ ಸರ್ವಿಸು. ಇಡೀ ಆಸ್ಪತ್ರೆ ಅವಳನ್ನು ಸಿಸ್ಟರ್ ಎನ್ನುತ್ತಿತ್ತು, ಒಡಹುಟ್ಟಿದವಳೊಬ್ಬಳು ಮಾತ್ರ ಅಕ್ಕ ಎನ್ನುತ್ತಿದ್ದಳು. ಆ ಹೊತ್ತಗೆಯನ್ನು ಪಕ್ಕಕ್ಕಿಟ್ಟು, ಈ ಆಸ್ಪತ್ರೆಗೆ ಏನು ಬೇಕೋ ಅದನ್ನೇ ಬರೆಯೋಣವೆಂದು ಅವಳು ಹೊರಟಾಗ ದಾರಿ ತೋರಿಸಿದವಳು ಅಕ್ಕನೇ. ಐದು ತಿಂಗಳು ಅವಳು ನೋಟ್‌ಬುಕ್ಕು ಹಿಡಿದು ವಾರ್ಡು ವಾರ್ಡು ಅಲೆದಳು. ಯಾರು ಯಾವ ಫೈಲನ್ನು ಯಾಕೆ ಮುಟ್ಟುತ್ತಾರೆ, ಯಾವ ಹೊತ್ತಿನಲ್ಲಿ, ಎಷ್ಟು ಹಾಳೆ ತಿರುವುತ್ತಾರೆ ಎಂದು ಬರೆದುಕೊಂಡಳು. ಅಕ್ಕ ಹಾಸಿಗೆಯ ಚಾದರ ಎಳೆಯುತ್ತಲೇ ಹೇಳುತ್ತಿದ್ದಳು: "ಅಡುಗೆಮನೆಯೋರಿಗೆ ಕಾಯಿಲೆ ಹೆಸರು ಯಾಕೆ? ಉಪ್ಪು ಹಾಕ್ಬೇಕೋ ಬೇಡ್ವೋ ಅಷ್ಟು ಗೊತ್ತಾದ್ರೆ ಸಾಕು. ಗುಡಿಸೋರಿಗೆ ಗ್ಲೌಸ್ ಹಾಕ್ಕೋಬೇಕಾ ಅಂತ ಗೊತ್ತಾದ್ರೆ ಸಾಕು. ನಂಗೆ ನನ್ನ ವಾರ್ಡಿನ ಫೈಲು ಸಾಕು, ಪಕ್ಕದ ವಾರ್ಡಿಂದು ಕಟ್ಕೊಂಡು ಏನು ಮಾಡ್ಲಿ?" ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಪೂರ್ತಿ ಮುಚ್ಬೇಡ್ವೇ. ಜೀವ ಹೋಗ್ತಿರೋವಾಗ ಬೀಗದಕೈ ಹುಡುಕ್ತಾ ಕೂತ್ಕೊಳ್ಳೋಕಾಗುತ್ತಾ? ತುರ್ತು ಅಂತ ಬರೆದ್ರೆ ತೆರ್ಕೊಳ್ಳೋ ಹಾಗಿರ್ಲಿ. ಆಮೇಲೆ ಬೇಕಾದ್ರೆ ಯಾಕೆ ತೆರೆದೆ ಅಂತ ಕೇಳಿ" ಎಂದಿದ್ದಳು.

ನೂರಾ ಹನ್ನೆರಡು ಪುಟ ಹತ್ತೊಂಬತ್ತಾಯಿತು. ಅದರಲ್ಲಿ ಅರ್ಧ ಅಕ್ಕನ ಬಾಯಿಂದ ಬಂದದ್ದೇ.

ಸಮಿತಿಯಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತು, ಡಾಕ್ಟರುಗಳ ವಿಷಯ ಬರುವ ತನಕ. ಮೂಳೆ ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ನಾವೂ ಅನುಮತಿ ಕೇಳ್ಬೇಕಾ? ಯಾವ ರೋಗಿ ಯಾವಾಗ ನಮ್ಮ ತಲೆ ಮೇಲೆ ಬರ್ತಾನೋ ಯಾರಿಗೆ ಗೊತ್ತು?" ಎಂದರು. ಹಿರಿಯ ಡಾಕ್ಟರುಗಳು ಯಾವ ಫೈಲನ್ನಾದರೂ ನೋಡಬಹುದು ಎಂದಾಯಿತು. ಅವಳು ಎರಡು ಸಭೆ ಜಗಳವಾಡಿದಳು. ಮೂರನೆಯದರಲ್ಲಿ ಸೂಪರಿಂಟೆಂಡೆಂಟರು ಕನ್ನಡಕ ಒರೆಸಿಕೊಳ್ಳುತ್ತ, "ನಿಯಮ ಸಂಸ್ಥೆಯ ಅಗತ್ಯಕ್ಕೆ ಹೊಂದ್ಕೋಬೇಕಮ್ಮ, ಸಂಸ್ಥೆ ನಿಯಮಕ್ಕಲ್ಲ" ಎಂದರು. ನೋಡಿದರೂ ಪಟ್ಟಿಗೆ ಬರಲಿ ಎಂಬಷ್ಟನ್ನು ಮಾತ್ರ ಅವಳು ಉಳಿಸಿಕೊಂಡಳು. ತಪ್ಪು ಸಾಬೀತಾದರೆ ಡಾಕ್ಟರಿಗೆ ಲಿಖಿತ ಜ್ಞಾಪನೆ, ಮಿಕ್ಕವರನ್ನು ರೋಗಿಗಳ ಆರೈಕೆಯಿಂದ ತೆಗೆದು ಬೇರೆ ಕೆಲಸಕ್ಕೆ ಹಾಕುವುದು. ಅದಕ್ಕೂ ಸಹಿ ಹಾಕಿದಳು. ಏನೂ ಇಲ್ಲದಿರುವುದಕ್ಕಿಂತ ಇದು ವಾಸಿ ಎಂದುಕೊಂಡಳು.

ಗಂಟು ಸಿಕ್ಕಿದ್ದು ಹೋದ ತಿಂಗಳು, ಸ್ನಾನ ಮಾಡುವಾಗ. ಎಡ ಎದೆಯಲ್ಲಿ, ಕಡಲೆಕಾಳಿನಷ್ಟು. ಅವರಮ್ಮ ಸತ್ತದ್ದೂ ಅಂಥದ್ದರಿಂದಲೇ. ಆಗ ಅವಳಿಗೆ ಹತ್ತು, ಅಕ್ಕನಿಗೆ ಇಪ್ಪತ್ನಾಲ್ಕು. ಅಲ್ಲಿಂದ ಇಲ್ಲಿಯವರೆಗೆ ಅವಳ ಜಡೆ ಹೆಣೆದವಳು, ಶಾಲೆಯ ಫಾರಂಗಳಲ್ಲಿ ಪೋಷಕರ ಜಾಗಕ್ಕೆ ಸಹಿ ಹಾಕಿದವಳು, ಈ ಆಸ್ಪತ್ರೆಯಲ್ಲಿ ಕೆಲಸ ಖಾಲಿ ಇದೆ ಎಂದು ಅರ್ಜಿ ತಂದುಕೊಟ್ಟವಳು ಅಕ್ಕ. ಅಕ್ಕನಿಗೆ ಹೇಳಿದರೆ ಅದು ತನ್ನ ಗಂಟಾಗಿ ಉಳಿಯುವುದಿಲ್ಲ, ಅಕ್ಕನ ಗಂಟಾಗಿಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಒಂದು ಸಲವಾದರೂ ಒಂದು ವಿಷಯ ತನ್ನದೇ ಆಗಿರಲಿ ಎಂದು ಸುಮ್ಮನಾದಳು. ಯಾರಿಗೂ ಹೇಳದೆ ಪರೀಕ್ಷೆ ಮಾಡಿಸಿಕೊಂಡಳು. ಅಪಾಯವಿಲ್ಲದ ಗಂಟು, ಆರು ತಿಂಗಳಿಗೊಮ್ಮೆ ತೋರಿಸಿಕೊಂಡರೆ ಸಾಕು ಎಂದು ವರದಿ ಬಂತು. ಆ ಸಂಜೆ ಒಬ್ಬಳೇ ಬಸ್ಸಿನಲ್ಲಿ ಕೂತು, ಯಾರೂ ತನ್ನ ಮುಖ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅತ್ತಿದ್ದಳು.

ಭಾನುವಾರ ಬೆಳಿಗ್ಗೆ ಅವಳು ಅಕ್ಕನ ಮನೆಗೆ ಹೋದಾಗ ಭಾವ ಕಿಟಕಿಗೆ ಕನ್ನಡಿ ಒರಗಿಸಿ ಗಡ್ಡ ಹೆರೆದುಕೊಳ್ಳುತ್ತಿದ್ದರು. ಅವಳ ಮುಖ ನೋಡಿ, ಅರ್ಧ ಕೆನ್ನೆಯ ನೊರೆಯನ್ನು ಬೇಗಬೇಗ ಮುಗಿಸಿ, "ನಾನು ಪೇಪರ್ ತರ್ತೀನಿ. ನಿಮ್ಮಿಬ್ರ ಮಾತು ಮುಗಿಯೋ ಹೊತ್ತಿಗೆ ಇನ್ನೊಂದ್ಸಲ ಬೆಳೆದಿರುತ್ತೆ" ಎಂದು ಚಪ್ಪಲಿ ಮೆಟ್ಟಿದರು. ಅಕ್ಕ ನಗಲಿಲ್ಲ. ಅಕ್ಕನಿಗೆ ಆಗಲೇ ಗೊತ್ತಾಗಿತ್ತು.

"ಯಾಕೆ ನೋಡ್ದೆ?"

"ಲ್ಯಾಬ್ ಕಿಟಕಿ ಹತ್ರ ನಿನ್ನ ಬೆನ್ನು ಕಾಣ್ತು. ನಿನ್ನ ಬೆನ್ನು ನಂಗೆ ಗೊತ್ತಾಗಲ್ವಾ? ಆ ಕಿಟಕಿಗೆ ಯಾರು ಯಾತಕ್ಕೆ ಹೋಗ್ತಾರೆ ಅಂತ ಗೊತ್ತಾಗಲ್ವಾ?"

"ನನ್ನನ್ನೇ ಕೇಳ್ಬಹುದಿತ್ತಲ್ಲ."

"ಕೇಳ್ದೆ. ಮೂರ್ಸಲ ಕೇಳ್ದೆ. ಏನೂ ಇಲ್ಲ, ಚೆನ್ನಾಗಿದೀನಿ ಅಂದೆ." ಅಕ್ಕ ಮೇಜಿನ ಮೇಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿ ಮತ್ತೆ ಅಲ್ಲೇ ಇಟ್ಟಳು. "ನೀನು ಹೇಳಿದ್ರೆ ನಾನ್ಯಾಕೆ ಕಳ್ಳಿ ಥರ ನೋಡ್ತಿದ್ದೆ?"

"ನಿಂಗೆ ಹೇಳ್ದೇ ಇರೋ ಹಕ್ಕು ನಂಗಿಲ್ವಾ ಅಕ್ಕ?"

"ಇದೆ. ನಂಗೆ ನಿದ್ದೆ ಬರಲ್ಲ, ಅದಕ್ಕೇನು ಮಾಡ್ಲಿ? ಅಮ್ಮಂಗೆ ಡ್ರೆಸಿಂಗ್ ಮಾಡಿದ್ದು ನೀನಲ್ಲ, ನಾನು. ಆ ವಾಸನೆ ಇನ್ನೂ ಮೂಗಿಂದ ಹೋಗಿಲ್ಲ. ಒಂಬತ್ತು ದಿನ ಆ ಕಂಪ್ಯೂಟರ್ ಮುಂದೆ ನಿಂತಾಗ ಅಮ್ಮನ ಮುಖ ಎಷ್ಟು ಸಲ ಕಣ್ಮುಂದೆ ಬಂತು ಅಂತ ನಿನ್ನ ಪಟ್ಟೀಲಿ ಬಂದಿದ್ಯಾ?"

ಅವಳು ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಹಾಗೆಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಆದರೆ ಎಂದಿನಿಂದಲೋ ನಾಲಿಗೆಯ ಕೆಳಗೆ ಕೂತಿದ್ದದ್ದು ಹೊರಗೆ ಬಂತು.

"ಆ ಪತ್ರಾನೂ ಹೀಗೇ ಅಲ್ವಾ ಒಡೆದು ಓದಿದ್ದು? ನನ್ನ ಹೆಸರಿಗೆ ಬಂದಿದ್ದು. ಓದಿ, ಮೂರು ವಾರ ನಿನ್ನ ಪೆಟ್ಟಿಗೇಲಿ ಇಟ್ಕೊಂಡು, ಅವನು ಊರು ಬಿಟ್ಟು ಹೋದ್ಮೇಲೆ ನನ್ನ ಕೈಗೆ ಕೊಟ್ಟೆ."

ಅಕ್ಕ ಮೊದಲ ಬಾರಿ ತಲೆಯೆತ್ತಿ ನೋಡಿದಳು. ನಿಜವಾಗಿಯೂ ಬೆರಗಾದವಳಂತೆ ಕಂಡಳು. "ಅದಾಗಿ ಇಪ್ಪತ್ತು ವರ್ಷ ಆಯ್ತಲ್ಲೇ."

"ಇಪ್ಪತ್ತೊಂದು."

ಒಳಗೆ ನಲ್ಲಿ ಸೋರುತ್ತಿತ್ತು. ಅಕ್ಕ ಎದ್ದು ಹೋಗಿ ಅದನ್ನು ಬಿಗಿಮಾಡಿ ಬಂದಳು. "ಪಟ್ಟಿ ಯಾವತ್ತು ಕೊಡ್ಬೇಕು?"

"ಬುಧವಾರ."

"ಕೊಡು ಹಾಗಾದ್ರೆ" ಎಂದಳು.

ಬುಧವಾರ ಸಮಿತಿಯ ಕೋಣೆಯಲ್ಲಿ ಮೊದಲು ಮೂಳೆ ಡಾಕ್ಟರ ಮೂರು ಸಾಲುಗಳು ಬಂದವು. ಅವರು ತೆರೆದದ್ದು ತಮ್ಮ ರೋಗಿಯಲ್ಲದ ಹುಡುಗಿಯೊಬ್ಬಳ ಫೈಲು. ಸೂಪರಿಂಟೆಂಡೆಂಟರು ಕೇಳಿದಾಗ ಅವರು ಮುಚ್ಚುಮರೆ ಮಾಡಲಿಲ್ಲ. "ನಮ್ಮ ಹುಡುಗನಿಗೆ ಮದುವೆ ಮಾತುಕತೆ ನಡೀತಿತ್ತು. ಎಲ್ಲಾ ಸರಿ ಇದೆಯಾ ಅಂತ ಒಂದು ಕಣ್ಣು ಹಾಯಿಸ್ದೆ. ನೋಡಿದ್ದು ಒಳ್ಳೇದೇ ಆಯ್ತು ಬಿಡಿ" ಎಂದು ನಕ್ಕರು. ಇಬ್ಬರು ಅವರ ಜೊತೆ ನಕ್ಕರು. ಗುಮಾಸ್ತ, ಸೂಪರಿಂಟೆಂಡೆಂಟರು ಹೇಳಿದಂತೆ, 'ವೈದ್ಯಕೀಯ ಆಸಕ್ತಿ' ಎಂದು ಬರೆದುಕೊಂಡ. ಜ್ಞಾಪನೆಯೂ ಬೇಡವೆಂದಾಯಿತು. ಅವಳು ಬಾಯಿ ತೆರೆದಳು. "ಅವರು ನೋಡಬಹುದು ಅಂತ ನಾವೇ ಬರೆದಿದ್ದೀವಲ್ಲಮ್ಮ" ಎಂದು ಸೂಪರಿಂಟೆಂಡೆಂಟರು ಹಾಳೆ ತಿರುಗಿಸಿದರು.

ಆಮೇಲೆ ಅಕ್ಕನನ್ನು ಒಳಗೆ ಕರೆದರು. ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದು, ಕುರ್ಚಿ ತೋರಿಸಿದರೂ ಕೂರದೆ ನಿಂತಳು.

"ಸಿಸ್ಟರ್, ಒಂಬತ್ತು ಸಲ ತುರ್ತು ಅಂತ ಬರೆದಿದ್ದೀರಿ. ಯಾರಿಗಿತ್ತು ತುರ್ತು?"

"ನನಗಿತ್ತು ಸರ್."

ಸೂಪರಿಂಟೆಂಡೆಂಟರು ಒಳ್ಳೆಯ ಮನುಷ್ಯ. ಎಳೆಯ ಡಾಕ್ಟರಾಗಿ ಈ ಆಸ್ಪತ್ರೆಗೆ ಬಂದು ಅಕ್ಕನ ಕೈಕೆಳಗೆ ಕೆಲಸ ಕಲಿತವರು. ಹತ್ತೊಂಬತ್ತು ಪುಟಗಳಲ್ಲಿ ಎಲ್ಲಾದರೂ ಒಂದು ಕಿಂಡಿ ಇದೆಯೇ ಎಂದು ಅವರು ಬೆಳಿಗ್ಗೆಯಿಂದ ಹುಡುಕಿದ್ದರೆಂದು ತೋರುತ್ತದೆ. ಹನ್ನೊಂದನೆಯ ಪುಟಕ್ಕೆ ಬೆರಳಿಟ್ಟುಕೊಂಡೇ ಕೂತಿದ್ದರು. "ರೋಗಿ ತನ್ನ ಸಂಬಂಧಿಕರಿಗೆ ನೋಡೋಕೆ ಅನುಮತಿ ಕೊಡಬಹುದು, ಬಾಯಿಮಾತಲ್ಲಿ ಹೇಳಿದ್ರೂ ಸಾಕು ಅಂತ ಇದೆ. ನೀವೇ ಬರೆದದ್ದು ಮೇಡಂ. ಈ ಫೈಲು ನಿಮ್ಮದು. ನಿಮ್ಮ ಅಕ್ಕಂಗೆ ನೀವು ಹೇಳಿದ್ರಾ?"

ಎಲ್ಲರೂ ಅವಳ ಕಡೆ ತಿರುಗಿದರು. ಅಕ್ಕ ತಿರುಗಲಿಲ್ಲ. ಮೇಜಿನ ಅಂಚನ್ನು ನೋಡುತ್ತ, ಕೈಗಳನ್ನು ಹಿಂದೆ ಕಟ್ಟಿ ನಿಂತಿದ್ದಳು. ಹೌದು ಎಂಬ ಮಾತು ತಂಗಿಯ ನಾಲಿಗೆಯ ತುದಿಗೆ ಬಂದಿತ್ತು. ಅದು ಬಂದದ್ದು ಸುಳ್ಳಲ್ಲ. ಮೂಳೆ ಡಾಕ್ಟರು ಇನ್ನೊಂದು ಉಸಿರು ತಡವಾಗಿ ಬಾಯಿ ತೆರೆದಿದ್ದರೆ ಹೇಳಿಯೇ ಬಿಡುತ್ತಿದ್ದಳು.

"ಹೌದು ಅಂದ್ಬಿಡಿ ಮೇಡಂ" ಎಂದರು ಮೂಳೆ ಡಾಕ್ಟರು, ತಮ್ಮದೇ ತಟ್ಟೆಯಿಂದ ಬಿಸ್ಕತ್ತು ಎತ್ತಿಕೊಡುವವರ ಹಾಗೆ. "ಮನೆ ವಿಷಯ. ನಾವೆಲ್ಲ ಮನುಷ್ಯರೇ ಅಲ್ವಾ?"

"ಇಲ್ಲ" ಎಂದಳು ಅವಳು. "ನಾನು ಹೇಳಿರ್ಲಿಲ್ಲ."

ಅಕ್ಕ ತಲೆಯಾಡಿಸಿದಳು, ಸರಿಯಾದ ಉತ್ತರ ಕೇಳಿದವಳಂತೆ. ಮಧ್ಯಾಹ್ನ ವಾರ್ಡಿನ ಕೀಲಿಗೊಂಚಲು, ಔಷಧ ಕಪಾಟಿನ ಪುಸ್ತಕ, ಗೋಡೆ ಗಡಿಯಾರದ ಹೊಸ ಸೆಲ್ಲು ಎಲ್ಲವನ್ನೂ ಕಿರಿಯ ನರ್ಸಿಗೆ ಒಪ್ಪಿಸಿ, ನಾಲ್ಕನೆಯ ಹಾಸಿಗೆಯ ಅಜ್ಜಿಗೆ ಮಾತ್ರೆ ಪುಡಿಮಾಡಿ ಕೊಡಬೇಕು, ಹಾಗೇ ಕೊಟ್ಟರೆ ದಿಂಬಿನ ಕೆಳಗೆ ಬಚ್ಚಿಡುತ್ತಾಳೆ ಎಂದು ಎರಡು ಸಲ ಹೇಳಿ, ನೆಲಮಾಳಿಗೆಯ ಬಟ್ಟೆ ಉಗ್ರಾಣಕ್ಕೆ ಇಳಿದಳು. ನಿವೃತ್ತಿಗೆ ಇನ್ನೂ ಇಪ್ಪತ್ತೆರಡು ತಿಂಗಳಿತ್ತು.

ಆ ತಿಂಗಳ ಸಿಬ್ಬಂದಿ ಸಭೆಯಲ್ಲಿ ತಂಗಿಗೆ ಎದ್ದು ನಿಲ್ಲಲು ಹೇಳಿದರು. "ನಿಯಮ ಅಂದ್ರೆ ಹೀಗಿರ್ಬೇಕು. ಸ್ವಂತ ಅಕ್ಕನ್ನೂ ಬಿಡ್ಲಿಲ್ಲ" ಎಂದು ಆಡಳಿತಾಧಿಕಾರಿ ಹೊಗಳಿದರು. ಮೊದಲು ಚಪ್ಪಾಳೆ ತಟ್ಟಿದವರು ಮೂಳೆ ಡಾಕ್ಟರು. ನರ್ಸುಗಳು ಕೂತಿದ್ದ ಎರಡು ಸಾಲುಗಳಲ್ಲಿ ಒಂದು ಕೈಯೂ ಏಳಲಿಲ್ಲ. ತಪಾಸಣೆಗೆ ಬಂದವರು ಅವಳ ಹತ್ತೊಂಬತ್ತು ಪುಟಗಳನ್ನು ಓದಿ ಮೆಚ್ಚಿ, ಬೇರೆ ಮೂರು ಆಸ್ಪತ್ರೆಗಳಿಗೆ ಮಾದರಿಯೆಂದು ಕಳಿಸಿದರು. ಡಾಕ್ಟರುಗಳ ವಿನಾಯಿತಿ ತೆಗೆಯಬೇಕೆಂದು ಅವಳು ಕೊಟ್ಟ ಟಿಪ್ಪಣಿ ಮಾತ್ರ 'ಮುಂದಿನ ವರ್ಷ ಪರಿಶೀಲಿಸುವುದು' ಎಂಬ ಷರಾ ಹೊತ್ತು ಅವಳ ಮೇಜಿಗೇ ವಾಪಸು ಬಂತು. ಔಷಧ ಕೌಂಟರಿನವನು ಈಗ ಅವಳನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಬೀಗದಮ್ಮ ಎಂದು ಯಾರ ಬಾಯಲ್ಲೂ ಕೇಳಿಬರಲಿಲ್ಲ. ಅವಳು ಓಣಿಯಲ್ಲಿ ಬಂದರೆ ಮಾತು ನಿಲ್ಲುತ್ತಿತ್ತು, ಅವಳು ದಾಟಿದ ಮೇಲೆ ಶುರುವಾಗುತ್ತಿತ್ತು.

ಎರಡು ಭಾನುವಾರ ಅವಳು ಅಕ್ಕನ ಮನೆಗೆ ಹೋದಳು. ಎರಡು ಸಲವೂ ಬಾಗಿಲು ತೆರೆದವರು ಭಾವ. "ಮಲಗಿದ್ದಾಳಮ್ಮ, ತಲೆನೋವಂತೆ" ಎಂದರು. ಹಿಂದೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಭಾವ ಆ ಸದ್ದು ತಮಗೆ ಕೇಳಿಸುತ್ತಿಲ್ಲವೆಂಬಂತೆ ಬಾಗಿಲ ಚಿಲಕವನ್ನು ಆಡಿಸುತ್ತ ನಿಂತರು. ಮೂರನೆಯ ಭಾನುವಾರ ಅವಳು ಹೋಗಲಿಲ್ಲ.

ಮಳೆಗಾಲ ಕಳೆದು ಎರಡನೆಯ ಪರೀಕ್ಷೆಯ ದಿನ ಗೊತ್ತಾದಾಗ, ಅವಳು ಅನುಮತಿಯ ಫಾರಂ ಒಂದನ್ನು ತೆಗೆದುಕೊಂಡು ಅಕ್ಕನ ಹೆಸರು ತುಂಬಿದಳು. ಎಷ್ಟು ಕಾಲ ಎಂಬಲ್ಲಿ 'ಯಾವಾಗಲೂ' ಎಂದು ಬರೆದಳು. ಅದನ್ನು ಹಿಡಿದು ಮೊದಲ ಬಾರಿಗೆ ನೆಲಮಾಳಿಗೆಗೆ ಇಳಿದಳು. ಉಗ್ರಾಣದಲ್ಲಿ ಕಿಟಕಿಯಿರಲಿಲ್ಲ. ಒಗೆದು ಬಂದ ಬಟ್ಟೆಗಳ ಬಿಸಿಗೂ ಸೋಪಿನ ಘಾಟಿಗೂ ಕಣ್ಣು ಉರಿಯಿತು. ರಾಶಿ ಬಿದ್ದ ಚಾದರಗಳ ನಡುವೆ ಅಕ್ಕ ಒಬ್ಬಳೇ ನಿಂತು, ಹರಿದವುಗಳನ್ನು ಬೇರೆ ಮಾಡುತ್ತಿದ್ದಳು. ಕೂದಲು ಇಷ್ಟು ಬೆಳ್ಳಗಾಗಿತ್ತೆಂದು ಅವಳು ಗಮನಿಸಿರಲಿಲ್ಲ.

"ಅಕ್ಕ."

"ಹೇಳಿ ಮೇಡಂ. ಯಾವ ವಾರ್ಡಿಗೆ ಬೇಕಿತ್ತು?"

ಅವಳು ಫಾರಂ ಚಾಚಿದಳು. ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡು, ಕಣ್ಣಿನಿಂದ ದೂರ ಹಿಡಿದು, ಕೆಳಗಿನ ಸಣ್ಣ ಅಕ್ಷರಗಳ ತನಕ ಪೂರ್ತಿ ಓದಿದಳು. ಓದಿ ವಾಪಸು ಕೊಟ್ಟಳು.

"ನನಗೆ ಬೇಡ ಮೇಡಂ."

"ಗುರುವಾರ ಮತ್ತೆ ಪರೀಕ್ಷೆ ಇದೆ ಅಕ್ಕ. ಈ ಸಲ ಸ್ವಲ್ಪ ದೊಡ್ಡದಾಗಿದೆ ಅನ್ಸುತ್ತೆ. ನಿಂಗೆ ಹೇಳೋಣ ಅಂತ ಬಂದೆ."

ಅಕ್ಕನ ಕೈ ಒಂದು ಗಳಿಗೆ ಚಾದರದ ಮೇಲೆ ನಿಂತಿತು. ಆಮೇಲೆ, ಬಾಗಿಲಲ್ಲಿ ನಿಂತ ಯಾವುದೇ ರೋಗಿಗೆ ಹೇಳುವ ಮೆದುದನಿಯಲ್ಲಿ, "ಒಳ್ಳೇದಾಗುತ್ತೆ, ಧೈರ್ಯವಾಗಿರಿ" ಎಂದಳು.

ಅವಳು ಹೋಗಲಿಲ್ಲ. ಜೊತೆಯ ಕೆಲಸದವಳು ಅಂದು ರಜೆಯಲ್ಲಿದ್ದಳು. ಅಕ್ಕ ರಾಶಿಯಿಂದ ದೊಡ್ಡ ಚಾದರವೊಂದನ್ನು ಎಳೆದು ಒಬ್ಬಳೇ ಮಡಿಸಲು ನೋಡಿದಳು. ಅದು ನೆಲಕ್ಕೆ ತಾಗಿತು. ಕೊಡವಿ ಮತ್ತೆ ಎತ್ತಿದಳು, ಮತ್ತೆ ತಾಗಿತು. ಕೊನೆಗೆ ಮುಖ ನೋಡದೆಯೇ ಎರಡು ತುದಿಗಳನ್ನು ಅವಳ ಕಡೆ ಚಾಚಿ, "ಸ್ವಲ್ಪ ಹಿಡ್ಕೊಳ್ತೀರಾ?" ಎಂದಳು.

ಅವಳು ಫಾರಮನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತುದಿಗಳನ್ನು ಹಿಡಿದು ಹಿಂದೆ ಸರಿದಳು. ಬಟ್ಟೆ ಇಬ್ಬರ ನಡುವೆ ಬಿಗಿಯಾಯಿತು. ಒಂದು ಸಲ ಜಾಡಿಸಿ ಉದ್ದಕ್ಕೆ ಮಡಿಸಿದರು, ಇನ್ನೊಂದು ಸಲ ಮಡಿಸಿದರು. ಅವಳು ತನ್ನ ತುದಿಗಳನ್ನು ಎತ್ತಿ ಹಿಡಿದು ಅಕ್ಕನ ಹತ್ತಿರ ನಡೆದಳು. ಅಕ್ಕ ಬೆರಳು ತಾಗದ ಹಾಗೆ ಅವನ್ನು ತೆಗೆದುಕೊಂಡು, ಎದೆಗೊತ್ತಿ ನಯಮಾಡಿ, ಕಪಾಟಿನಲ್ಲಿಟ್ಟು, ರಾಶಿಯಿಂದ ಮುಂದಿನದನ್ನು ಎಳೆದಳು.